ಓದದೆ ಹಾಕಿದ ಸಹಿ

ಮುಂಬೈಯ ನಮ್ಮ ಗೋರೆಗಾಂವ್ ಫ್ಲ್ಯಾಟಿನ ಹಾಲ್‌ನಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವರಿಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕವೇ ಗತಿ. ಆ ವರ್ಷ ಭಾನುವಾರ ಬೆಳಿಗ್ಗೆ ಅಲ್ಲಿ ಕೂರುತ್ತಿದ್ದವನು ಮಗಳ ಜೊತೆ ಪಿಎಚ್‌ಡಿ ಮಾಡುತ್ತಿದ್ದ ಬಾಗಲಕೋಟೆಯವನು. ಇಬ್ಬರೂ ಸಂಶೋಧನಾ ವಿದ್ಯಾರ್ಥಿಗಳ ಕಾರ್ಮಿಕ ಸಂಘದವರು. ಪಾಠ ಮಾಡಿ ಪೇಪರ್ ತಿದ್ದುವ ತಮ್ಮನ್ನು ನೌಕರರೆಂದು ಒಪ್ಪಿಕೊಳ್ಳಿ ಎಂಬುದು ಸಂಘದ ಬೇಡಿಕೆ. ಒಳಗೆ ಮಾತ್ರ ಎರಡು ಬಣ: ಪೂರ್ಣಾವಧಿಯವರದೊಂದು, ಕೆಲಸ ಮಾಡಿಕೊಂಡೇ ಓದುವ ಪಾರ್ಟ್‌ಟೈಮ್‌ನವರದು ಇನ್ನೊಂದು. ಮಗಳು ಮೊದಲ ಬಣದಿಂದ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುವವಳಿದ್ದಳು. ಅವನೂ ಅದೇ ಬಣ. ಬಣದ ಸಭೆಗಳು ನಮ್ಮ ಮನೆಯಲ್ಲೇ.

ಮಂಗಳೂರಿನ ಕಾನ್ವೆಂಟಿನಲ್ಲಿ ತಿದ್ದಿದ ನನ್ನ ಇಂಗ್ಲಿಷ್ ಅಕ್ಷರ ಚೆಂದವೆಂದು ನಡಾವಳಿ ಬರೆಯುವ ಕೆಲಸ ನನಗೆ ಬಿತ್ತು. ಯಾರು ಏನೆಂದರೋ ಅದನ್ನೇ ಬರೆಯುತ್ತಿದ್ದೆ. ಕೊನೆಗೆ ಎಲ್ಲರೂ ಓದಿ ಸಹಿ ಹಾಕಬೇಕು. ಅವನೊಬ್ಬ ಓದುತ್ತಿರಲಿಲ್ಲ.

"ಅಕ್ಕಾರು ಬರದಾರಂದ್ರ ಓದೂದೇನೈತ್ರಿ? ಇನ್ನೊಂದ್ ದ್ವಾಸಿ ಹಾಕ್ರಿ," ಎಂದು ಚಟ್ನಿಯ ಬೆರಳನ್ನು ಪ್ಯಾಂಟಿಗೆ ಒರೆಸಿ ಗೀಚುತ್ತಿದ್ದ.

ಪಾರ್ಟ್‌ಟೈಮ್‌ನವರು ವೋಟು ಹಾಕಿ ಮನೆಗೆ ಹೋಗಲಿ, ಕಮಿಟಿಯಲ್ಲಿ ಅಂಥವರನ್ನು ಕೂರಿಸಬಾರದು ಎಂದು ಅವನು ಹೇಳಿದ ಪುಟದಲ್ಲಿ ಆ ಚಟ್ನಿ ಕಲೆ ಈಗಲೂ ಇದೆ.

ಮಗಳ ನಾಮಪತ್ರಕ್ಕೆ ಅನುಮೋದಕ ಅವನೇ. ಪರಿಶೀಲನೆಯ ದಿನ ಅನುಮೋದಕ ಖುದ್ದಾಗಿ ಎದುರಿಗಿರದಿದ್ದರೆ ನಾಮಪತ್ರ ರದ್ದು. ಅವನು ಬರಲಿಲ್ಲ, ಫೋನ್ ಸ್ವಿಚ್ ಆಫ್. ಸಂಜೆ ಪಟ್ಟಿ ಹಚ್ಚಿದಾಗ ಪಾರ್ಟ್‌ಟೈಮ್ ಬಣದ ಕಾರ್ಯದರ್ಶಿ ಅಭ್ಯರ್ಥಿಯಾಗಿ ಅವನ ಹೆಸರಿತ್ತು.

"ಛೋಡೋ ನಾ ಅಮ್ಮ, ಪಾಲಿಟಿಕ್ಸ್ ಅಂದ್ರೆ ಹೀಗೇ," ಎಂದು ಮಗಳು ಬಾತ್‌ರೂಮಿಗೆ ಹೋದಳು. ಬಕೆಟ್ ತುಂಬಿ ಹರಿದರೂ ನಲ್ಲಿ ನಿಲ್ಲಲಿಲ್ಲ. ನೀರು ಪೋಲು ಮಾಡುವವಳಲ್ಲ ಅವಳು.

ಮರುದಿನ ಆ ಪುಟದ ಜೆರಾಕ್ಸ್ ಹಿಡಿದು ಲೋಕಲ್ ರೈಲು ಹತ್ತಿದೆ. ಪಾರ್ಟ್‌ಟೈಮ್ ಬಣದ ಮುಖಂಡಳು ಕಾಂದಿವಲಿಯಲ್ಲಿ ಶಾಲಾ ಟೀಚರ್. ಗೇಟಿನ ಬಳಿ ನಿಂತೇ ಎರಡು ಸಲ ಓದಿದಳು.

"ಆಂಟಿ, ಯೇ ಸೈನ್ ಉಸೀ ಕಾ ಹೈ?"

"ಸೈನ್ ಉಸ್ಕಾ, ಚಟ್ನಿ ಮೇರೀ," ಎಂದೆ.

ಅಭ್ಯರ್ಥಿಗಳನ್ನು ಪ್ರಶ್ನಿಸುವ ದಿನ ಆ ಟೀಚರೇ ಆ ಹಾಳೆಯನ್ನು ಅವನ ಕೈಗೇ ಕೊಟ್ಟು, ಮೈಕಿನಲ್ಲಿ ಓದು ಎಂದಳಂತೆ. ಎರಡನೆಯ ಸಾಲಿಗೇ ಅವನು ಮೈಕ್ ಆಫ್ ಮಾಡಿದನಂತೆ. ಯಾವ ಬಣಕ್ಕೂ ಸೇರದ ಒಬ್ಬ ಗೆದ್ದ.

ಅವನ ಫೋನ್ ಬಂತು. "ಅಕ್ಕಾರ, ನಿಮ್ಮ ಮನ್ಯಾಗ ಉಂಡಾಂವ್ರಿ ನಾ. ನೀವ ಹಿಂಗ ಮಾಡೂದಾ?"

"ಓದಿ ಸಹಿ ಹಾಕಬೇಕಿತ್ತು ಮಾರಾಯ," ಎಂದು ಇಟ್ಟುಬಿಟ್ಟೆ.

ಮಗಳು ಮಾತ್ರ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ಅದೇ ಪೇಜಲ್ಲಿ ನನ್ನ ಸೈನ್ ಕೂಡ ಉಂಟು. ಅವತ್ತು ನಾನೂ ಬಾಯಿ ಬಿಡ್ಲಿಲ್ಲ. ಪಾರ್ಟ್‌ಟೈಮ್‌ನವರ ಮುಖ ಈಗ ಹೇಗೆ ನೋಡ್ಲಿ?" ಎಂದಳು. ಹದಿನೈದು ದಿನ ನಾನು ಕಟ್ಟಿಟ್ಟ ಡಬ್ಬಿ ಒಯ್ಯಲಿಲ್ಲ.

ಅವಳ ಸಹಿ ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲೇ ನೋಡಿದ್ದೆ. ನೋಡಿಯೂ ಲೋಕಲ್ ಹತ್ತಿದ್ದೆ. ಸಿಸ್ಟರ್‌ಗಳು ನಮಗೆ ದುಂಡಗೆ ಬರೆಯುವುದನ್ನೂ ಕಲಿಸಿದ್ದರು, ಕ್ಷಮಿಸುವುದನ್ನೂ ಕಲಿಸಿದ್ದರು. ನನಗೆ ಹತ್ತಿದ್ದು ಒಂದೇ. ಕಾವಲಿಗೆ ಹಿಟ್ಟು ಹುಯ್ಯುವಾಗ ಇವತ್ತಿಗೂ ಅವನು ಓದಿ ಮುಗಿಸದ ಆ ಎರಡನೆಯ ಸಾಲು ನೆನಪಾಗುತ್ತದೆ. ಕೈ ಹಗುರಾಗಿ ದೋಸೆ ತೆಳ್ಳಗೆ ಬರುತ್ತದೆ.