ಅಂಬಾರಾಯನ ಮೀಸೆ, ಮಾಸ್ತರರ ಚಂದ್ರ

ಸೇಡಂನಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾಯಿತೆಂದರೆ ಮೊದಲು ವಿಚಾರಿಸುತ್ತಿದ್ದದ್ದು ಅಂಬಾರಾಯನ ಮೈಕ್ ಸೆಟ್ ಆ ದಿನ ಖಾಲಿ ಇದೆಯೋ ಇಲ್ಲವೋ ಎಂದು. ಕರೆಂಟಿನ ಕಂಬ ಕಾಣದ ಹಳ್ಳಿಗೂ ಅವನು ಬ್ಯಾಟರಿ ಹೊರಿಸಿಕೊಂಡು ಹೋಗಿ, ಬೇವಿನ ಗಿಡಕ್ಕೆ ಮೈಕಿನ ಭೋಂಗಾ ಕಟ್ಟಿ, ಬೆಳಗಾಗುವುದರೊಳಗೆ ಊರನ್ನೆಲ್ಲ ಎಬ್ಬಿಸಿಬಿಡುತ್ತಿದ್ದ. ಆಳು ಗಿಡ್ಡ, ಮೀಸೆ ಭರ್ಜರಿ. ದಿನಾ ಮುಂಜಾನೆ ಅದಕ್ಕೆ ಎಣ್ಣೆ ತೀಡಿ ತುದಿ ಹುರಿ ಮಾಡದೆ ಚಹಾ ಮುಟ್ಟುವವನಲ್ಲ. ಮೊದಲು ಮೀಸೆ ಬರುತ್ತದೆ, ಹಿಂದಿನಿಂದ ಅಂಬಾರಾಯ ಬರುತ್ತಾನೆ ಎಂದು ಜನ ನಗುತ್ತಿದ್ದರು. ಅವನು ಅದನ್ನು ಬಿರುದು ಎಂದೇ ತಿಳಿದಿದ್ದ.

೧೯೭೮ರ ಹೋಳಿಗೆ ಇನ್ನೂ ಒಂದು ತಿಂಗಳಿರುವಾಗ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಪ್ರಾಣೇಶರು ಅವನ ಅಂಗಡಿಗೆ ಬಂದರು. ಗಾಜು ಉಜ್ಜಿ ಉಜ್ಜಿ ತಮ್ಮ ಕೈಯಾರೆ ದುರ್ಬೀನು ಮಾಡಿಕೊಂಡ ಮನುಷ್ಯ. ಹೋಳಿ ಹುಣ್ಣಿಮೆಗೆ ಪೂರ್ಣ ಚಂದ್ರಗ್ರಹಣವಿತ್ತು. ಅದರ ಫೋಟೊ ತೆಗೆಯಲೇಬೇಕೆಂಬುದು ಅವರ ಹಟ.

“ಗ್ರಹಣ ಪೂರಾ ಹಿಡದಾಗ ಚಂದ್ರ ಭಾಳ ಮಬ್ಬಾಗ್ತಾನ, ಅಂಬಾರಾಯ. ಕ್ಯಾಮೆರಾ ಹೊತ್ತು ತಕ್ಕೊಂಡು ತೆರದಿಡಬೇಕು. ಅಷ್ಟರಾಗ ಅಂವ ಸರದು ಬಿಡ್ತಾನ. ಅದಕ್ಕ ದುರ್ಬೀನಿಗೆ ಟೇಪ್ ರೆಕಾರ್ಡರಿನ ಮೋಟರ್ ಕೂಡಿಸೀನಿ, ಅಂವನ ಹಿಂದ ಹಿಂದ ತಿರಗತದ.”

“ಹಂಗಾರ ಮಾಳಗಿ ಮ್ಯಾಲೆ ಇಟ್ಟು ಕರೆಂಟ್ ಕೊಡ್ರಿ ಮಾಸ್ತರ. ನಂದೇನು ಕೆಲಸ?”

“ಹೋಳಿ ದಿನ ಓಣಿ ಓಣಿಗೆ ಕಾಮಣ್ಣನ ಬೆಂಕಿ. ಆ ಹೊಗಿಯೊಳಗ ಏನು ಕಾಣ್ತದ? ಕುರಕುಂಟಾ ದಾರಿಗೆ ಫರಸಿಕಲ್ಲಿನ ಬಂಡಿ ಹೊಲ ಅದಲ್ಲ, ಅಲ್ಲಿಗೇ ಹೋಗಬೇಕು. ಅಲ್ಲಿ ಕರೆಂಟಿಲ್ಲ. ಸೇಡಂದಾಗ ಇದು ನಿನ್ನ ಬಿಟ್ರ ಯಾರಿಂದ ಆಗ್ತದ?”

ನಿನ್ನ ಬಿಟ್ಟರೆ ಯಾರೂ ಇಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಂಬಾರಾಯ ಬೆಣ್ಣೆಯಂತೆ ಕರಗಿಬಿಡುವವನು. ಆಗಲಿ ಎಂದ. ಅಷ್ಟಕ್ಕೇ ಸುಮ್ಮನಿರಬೇಕಿತ್ತೋ ಇಲ್ಲವೋ? ಇರಲಿಲ್ಲ. ಹೊಟೇಲಿನಲ್ಲಿ ಕೂತು ಡಂಗುರ ಸಾರಿದ. ಓಣಿಯ ಹಿರಿಯ ಖಂಡೆಪ್ಪ ಬಸಿಯೊಳಗಿನ ಚಹಾ ಸುರ್ರೆಂದು ಕುಡಿದು, “ಮದುವಿ ಮೈಕಿನವಗ ಚಂದ್ರನ ಉಸಾಬರಿ ಯಾಕಲೇ?” ಎಂದ.

ಅಂಬಾರಾಯನಿಗೆ ನೆತ್ತಿಗೇರಿತು. “ಕೇಳಿಸ್ಕೊ ಖಂಡೆಪ್ಪ ಕಾಕಾ! ನಾ ಒಂದು ಪೆಟ್ಟಿಗಿ ಮಾಡ್ತೀನಿ. ಆ ಪೆಟ್ಟಿಗಿ ಫರಸಿಕಲ್ಲಿನ ಹೊಲಕ್ಕ ಹೋಗ್ತದ, ಗ್ರಹಣದ ಫೋಟೊ ತರ್ತದ. ತರಲಿಲ್ಲಂದ್ರ ಇದೇ ಹೊಟೇಲ್ ಮುಂದ ಕುಂತು ಮೀಸಿ ಬೋಳಸ್ಕೋತೀನಿ!”

ನಮ್ಮ ಕಡೆ ಮೀಸೆಯ ಮೇಲಿನ ಆಣೆ ಎಂದರೆ ಹುಡುಗಾಟವೇ? ಹೆಂಡತಿ ಭೀಮಬಾಯಿಗೆ ಸುದ್ದಿ ಮುಟ್ಟಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. “ಮೊದಲ ನಿನ್ನ ಬಾಯಿಗೊಂದು ಪೆಟ್ಟಿಗಿ ಮಾಡ್ಕೊ” ಎಂದಳು.

ಆದರೆ ಏನೇ ಅನ್ನಿ, ಪೆಟ್ಟಿಗೆ ಮಾತ್ರ ಪೆಟ್ಟಿಗೆಯೇ. ಹಳೆಯ ಕಿಟಕಿಯ ಸಾಗವಾನಿ ಹಲಗೆ ಹಚ್ಚಿದ. ಜೀಪಿನಿಂದ ಬಿಚ್ಚಿದ ಆರು ವೋಲ್ಟಿನ ಎರಡು ಬ್ಯಾಟರಿಗಳಿಗೆ ಎರಡು ಮನೆ, ನಡುವೆ ಗೋಣಿಯ ಮೆತ್ತೆ, ಗ್ಯಾಸ್ ಹೋಗಲು ಮೇಲೆ ತೂತು. ಒಂದು ಬ್ಯಾಟರಿ ದಣಿದರೆ ಸ್ವಿಚ್ಚಿನ ಹಿಡಿಕೆ ಹೊರಳಿಸಿದರಾಯಿತು, ಇನ್ನೊಂದು ಹೆಗಲು ಕೊಡುತ್ತದೆ. ತಂತಿ ಸುಡದಂತೆ ಫ್ಯೂಜು. ಕತ್ತಲೆಗೆ ಹೊಂದಿದ ಕಣ್ಣು ಕೆಡಬಾರದೆಂದು ಮಾಸ್ತರರು ಹೇಳಿದ್ದಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿದ ಒಂದು ಪುಟಾಣಿ ಬಲ್ಬು. ಹೊರಲು ಎರಡು ಕಡೆ ಹಗ್ಗದ ಹಿಡಿ. ಕೊನೆಗೆ ಮುಖದ ಮೇಲೆ ‘ಅಂಬಾರಾಯ ಮೈಕ್ ಸೆಟ್, ಸೇಡಂ’ ಎಂದು ಬಣ್ಣದಲ್ಲಿ ಬರೆಸಿದ. ಚಂದ್ರನಿಗೂ ಗೊತ್ತಾಗಬೇಕಲ್ಲ!

ಹೋಳಿಯ ದಿನ ಬಂತು. ನಮ್ಮಲ್ಲಿ ಕಾಮಣ್ಣನಿಗೆ ಕಟ್ಟಿಗೆ ಬೇಡಿ ತರುವುದಿಲ್ಲ, ಕದ್ದೇ ತರಬೇಕು. ಆ ದಿನದ ಕಳವು ಪಾಪವಲ್ಲ, ಕಳೆದುಕೊಂಡವನು ಬೈಯುವಂತಿಲ್ಲ, ರಾಶಿಗೆ ಬಿದ್ದ ಕಟ್ಟಿಗೆ ತಿರುಗಿ ಬರುವಂತಿಲ್ಲ. ವರ್ಷವೂ ಓಣಿಯ ಹುಡುಗರ ದಂಡಿಗೆ ಅಂಬಾರಾಯನೇ ಸರದಾರ. ಹೋದ ವರ್ಷ ಖಂಡೆಪ್ಪ ಮಲಗಿ ಎದ್ದ ಹೊರಸನ್ನೇ ಎತ್ತಿಸಿ, ಮುದುಕ ಬಂದು ಗೋಗರೆದಾಗ, “ಕಾಮಣ್ಣನ ಹೊಟ್ಟಿಗಿ ಬಿದ್ದಿದ್ದು ತಿರುಗಿ ಬರ್ತದೇನು ಕಾಕಾ?” ಎಂದು ಮೀಸೆ ತೀಡಿದ್ದ. ಈ ವರ್ಷ ಸರದಾರನಿಗೆ ಬಿಡುವಿರಲಿಲ್ಲ. ದಂಡು ತಾನೇ ಹೊರಟಿತು.

ಸಂಜೆ ಅಂಬಾರಾಯ ಜಳಕ ಮಾಡಿ, ಮೀಸೆ ಹುರಿ ಮಾಡಿ, ಪೆಟ್ಟಿಗೆ ಇಟ್ಟಿದ್ದ ಕಟ್ಟೆಗೆ ಬಂದು ನೋಡುತ್ತಾನೆ, ಎರಡು ಬ್ಯಾಟರಿ ಗೋಣಿಚೀಲದ ಮೇಲೆ ಜೋಪಾನವಾಗಿ ಕೂತಿವೆ. ಪೆಟ್ಟಿಗೆ ಇಲ್ಲ! ಓಡಿದ. ಓಣಿಯ ನಡುವೆ ಆಳೆತ್ತರದ ರಾಶಿ, ಅದರ ತುದಿಯಲ್ಲಿ ‘ಅಂಬಾರಾಯ ಮೈಕ್ ಸೆಟ್, ಸೇಡಂ’. “ಅಯ್ಯಯ್ಯೋ!” ಎಂದು ಬಾಯಿ ಬಡಿದುಕೊಂಡ. ಹೋಳಿಯಲ್ಲಿ ಎಲ್ಲರೂ ಬಾಯಿ ಬಡಿದುಕೊಳ್ಳುವವರೇ. ಹುಡುಗರು ಇನ್ನೂ ಹುರುಪಿನಿಂದ ಅವನ ಜೊತೆ ಲಬೋ ಲಬೋ ಎಂದರು.

ಗ್ರಹಣ ಹಿಡಿಯುವ ಮೊದಲೇ ಬೆಂಕಿ ಹಚ್ಚಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಖಂಡೆಪ್ಪ ಉರಿಯುವ ಬೆರಣಿ ಹಿಡಿದು ನಿಂತಿದ್ದ.

“ಕಾಕಾ, ನಿನ್ನ ಕಾಲಿಗಿ ಬೀಳ್ತೀನಿ, ಅದೊಂದು ಬಿಡು!”

“ಕಾಮಣ್ಣನ ಹೊಟ್ಟಿಗಿ ಬಿದ್ದಿದ್ದು ತಿರುಗಿ ಬರ್ತದೇನು ಅಂಬಾರಾಯ?” ಎಂದ ಖಂಡೆಪ್ಪ. ಎಷ್ಟು ಸಾವಕಾಶವಾಗಿ ಅಂದನೆಂದರೆ, ವರ್ಷವಿಡೀ ಆ ಮಾತನ್ನು ನಾಲಗೆಯ ಕೆಳಗೆ ಇಟ್ಟುಕೊಂಡಿದ್ದನೋ ಏನೋ. ಓಣಿಗೆ ಓಣಿಯೇ ಹೊಟ್ಟೆ ಹಿಡಿದು ನಕ್ಕಿತು. ಅಂಬಾರಾಯನ ಕಣ್ಣಲ್ಲಿ ನೀರಾಡಿದ್ದನ್ನು ಕಂಡು ಮುದುಕನೇ ಮೆತ್ತಗಾದ. “ಕಾಮಣ್ಣ ಕಟ್ಟಿಗಿ ತಿಂತಾನ, ತಂತಿ ತಿನ್ನಾಂಗಿಲ್ಲ. ಸ್ವಿಚ್ಚು ಗಿಚ್ಚು ಬಿಚ್ಚಿ ಕೊಡ್ರಲೇ ಅಂವಗ” ಎಂದ. ಹುಡುಗರು ಮೇಲೆ ಹತ್ತಿ ಸ್ವಿಚ್ಚು, ಫ್ಯೂಜು, ಬಲ್ಬು ಎಲ್ಲ ಬಿಚ್ಚಿ ಅವನ ಉಡಿಗೆ ಹಾಕಿದರು. ಪೆಟ್ಟಿಗೆ ಧಗಧಗ ಉರಿಯಿತು.

ಮನೆಗೆ ಬಂದು ಅಂಬಾರಾಯ ತಲೆಗೆ ಕೈ ಹೊತ್ತು ಕೂತ. “ಮೀಸಿ ಹೋಯ್ತು ಭೀಮಿ. ಮಾಸ್ತರರ ಚಂದ್ರನೂ ಹೋದ.”

ಭೀಮಬಾಯಿ ಜೋಳದ ಎರಡು ಬಿದಿರಬುಟ್ಟಿ ಬರಿದು ಮಾಡಿ, ತಳಕ್ಕೆ ಕೌದಿ ಹಾಕಿ, ಒಂದೊಂದರಲ್ಲಿ ಒಂದೊಂದು ಬ್ಯಾಟರಿ ಇಟ್ಟಳು. ತಲೆಗೆ ಸಿಂಬೆ ಸುತ್ತಿ, “ಎತ್ತಿ ಹೊರಸು! ಏನು ನೋಡ್ಲಾಕತ್ತಿ? ಜ್ವಾಳ ಹೊತ್ತಾಕಿಗಿ ಇದೇನು ಭಾರ? ನಾನೂ ಬರ್ತೀನಿ, ನಿಮ್ಮ ದುರ್ಬೀನ್‌ದಾಗ ಏನದ ನೋಡ್ತೀನಿ” ಎಂದಳು. ಹುಣ್ಣಿಮೆಯ ಬೆಳಕಿನಲ್ಲಿ ಮುಂದೆ ಅವಳು, ಹಿಂದೆ ಇನ್ನೊಂದು ಬುಟ್ಟಿ ಹೊತ್ತ ಅಂಬಾರಾಯ, ಅವನ ಹಿಂದೆ ದುರ್ಬೀನಿನ ಕೊಳವೆಯನ್ನು ಕೂಸಿನ ಹಾಗೆ ತಬ್ಬಿಕೊಂಡ ಪ್ರಾಣೇಶ ಮಾಸ್ತರರು.

ಬಂಡೆಯ ಮೇಲೆ ದುರ್ಬೀನು ನಿಂತಿತು, ಮೋಟರು ಗುಂಯ್ ಎಂದಿತು. ಊರ ಕಡೆ ಹೊಗೆಯೋ ಹೊಗೆ, ಇಲ್ಲಿ ಆಕಾಶ ತೊಳೆದಿಟ್ಟ ಹಾಗೆ. ಎಲ್ಲ ಸರಿಯಾಯಿತು ಅನ್ನುವಾಗ ಚಂದ್ರ ಪೂರಾ ನೆರಳಿನಲ್ಲಿ ಮುಳುಗಿದ, ಮೊದಲ ಬ್ಯಾಟರಿಯೂ ದಣಿಯಿತು. ಅಂಬಾರಾಯ ಹಿಡಿಕೆ ಹೊರಳಿಸಿದ. ಹಲಗೆ ಇಲ್ಲದ ಸ್ವಿಚ್ಚು ಬುಟ್ಟಿಯ ಅಂಚಿಗೆ ನಿಲ್ಲಬೇಕಲ್ಲ! ಸಡಿಲಾಗಿ ಅಲುಗಾಡಿತು. ಅವನು ಎರಡೂ ಕೈಯಿಂದ ತಂತಿ ಒತ್ತಿ ಹಿಡಿದು ಬುಟ್ಟಿಯ ಮೇಲೆ ಕವುಚಿ ಕೂತ. ಕೈ ಬಿಟ್ಟರೆ ಮೋಟರು ನಿಲ್ಲುತ್ತದೆ, ಮೋಟರು ನಿಂತರೆ ಚಂದ್ರ ಜಾರುತ್ತಾನೆ. ಬೆನ್ನು ಸೆಟೆಯಿತು, ಬೆರಳು ಮರಗಟ್ಟಿದವು. ಮಾಸ್ತರರು ಒಂದೊಂದೇ ಫೋಟೊ ತೆಗೆಯುತ್ತ ಹೋದರು. ರೀಲು ಮುಗಿದ ಮೇಲೆ ಭೀಮಬಾಯಿಗೆ ದುರ್ಬೀನು ಬಿಟ್ಟುಕೊಟ್ಟರು.

“ಯವ್ವಾ! ಬೆಳಗದ ತಾಮ್ರದ ತಂಬಗಿ ಆಗ್ಯಾನಲ್ಲ! ಉಳ್ಳಾಡಿ ಕೈಯಾಗ ಬೀಳ್ತಾನೇನೋ. ಏ, ತಂತಿ ಬಿಡಬ್ಯಾಡ, ನಾ ಇನ್ನಾ ನೋಡಿಲ್ಲ!”

ಅಂಬಾರಾಯ ಬಿಡಲಿಲ್ಲ. ಅವಳ ಬಾಯಿಂದಲೇ ಚಂದ್ರನನ್ನು ನೋಡಿದ. ಜೀವಮಾನದಲ್ಲಿ ಅಷ್ಟು ಖುಷಿ ಅವನಿಗೆ ಯಾವ ಮದುವೆಯ ಹಂದರದಲ್ಲೂ ಆಗಿರಲಿಲ್ಲ.

ಕಲಬುರಗಿಯ ಸ್ಟುಡಿಯೋದಲ್ಲಿ ತೊಳೆಸಿದ ಫೋಟೊ ವಾರದಲ್ಲಿ ಬಂತು. ಬೋರಲಾದ ಬಟ್ಟಲಿನಂಥ ಗುಂಡು ಚಂದ್ರ, ಒಂದಿಷ್ಟೂ ಅಲುಗಿಲ್ಲ. ಹೊಟೇಲಿನಲ್ಲಿ ಕೈಯಿಂದ ಕೈಗೆ ಹೋಯಿತು. ಖಂಡೆಪ್ಪ ಅದನ್ನು ಕಣ್ಣಿಗೊತ್ತಿಕೊಂಡು, “ಗೆದ್ದಿ ಮಗನ! ನಿನ್ನ ಮೀಸಿ ಉಳೀತು” ಎಂದ.

ಜನ ಹೋ ಎಂದರು. ಅಂಬಾರಾಯ ಮಾತ್ರ ಮೀಸೆಯ ತುದಿ ಹಿಡಿದುಕೊಂಡ. “ಇಲ್ಲ ಕಾಕಾ. ನಾ ಆಣಿ ಇಟ್ಟಿದ್ದು ಪೆಟ್ಟಿಗಿ ಮ್ಯಾಲೆ. ಫೋಟೊ ತಂದಿದ್ದು ಜ್ವಾಳದ ಬುಟ್ಟಿ. ನಿನ್ನ ಹೊರಸಿಗೊಂದು ಕಾಯದೆ, ನನ್ನ ಮೀಸಿಗೊಂದು ಕಾಯದೆ ಅಂದ್ರ ಹ್ಯಾಂಗ?” ಎಂದು ಹೊರಗಿನ ಬೆಂಚಿನ ಮೇಲೆ ಕೂತು, ಹಜಾಮನನ್ನು ಕರೆಸಿಯೇ ಬಿಟ್ಟ. ಬೇಡವೆಂದು ಎಲ್ಲರಿಗಿಂತ ದೊಡ್ಡದಾಗಿ ಕೂಗಿದವನು ಖಂಡೆಪ್ಪನೇ.

ಮನೆಗೆ ಬಂದಾಗ ಅಂಬಾರಾಯ ಧೋತರದ ಚುಂಗಿನಿಂದ ಬಾಯಿ ಮುಚ್ಚಿಕೊಂಡಿದ್ದ. ಭೀಮಬಾಯಿ ಅದನ್ನು ಎಳೆದಳು. ನೋಡಿದಳು. ಮದುವೆಯಾದಾಗಿನಿಂದ ಅವಳು ಕಾಣದಿದ್ದ ಮುಖ. ನಗುತ್ತಾಳೆಂದು ಅವನು ಕಣ್ಣು ಮುಚ್ಚಿದ.

“ಅಯ್ಯ, ಇಷ್ಟು ಚಂದ ಬಾಯಿ ಇತ್ತೇನು ನಿಂದು!” ಎಂದಳು ಅವಳು, ನಾಚಿಕೊಂಡು.

ಅಂಬಾರಾಯ ಮತ್ತೆ ಮೀಸೆ ಬಿಡಲಿಲ್ಲ.