ಕಣ್ಣು ತೆರೆಸಿದ ಫೋಟೋ

ಅಕ್ಷತಾ, ನಿಮ್ಮ ಶಿರಗುಪ್ಪಿ ಮನೆಯ ಪಡಸಾಲೆಯಲ್ಲಿರುವ ಫೋಟೋದ ಮುಖ ನಿಮ್ಮ ಅವ್ವನದಲ್ಲ. ಅದು ನಿಮ್ಮ ಚಿಗವ್ವ ನೀಲವ್ವನ ಮುಖ. ಹಾಗೆ ಮಾಡಿದವನು ನಾನು. ಇದು ಇನ್ನಾರಿಗೂ ಗೊತ್ತಿಲ್ಲ ಅಂದುಕೊಂಡು ಇಷ್ಟು ವರ್ಷ ಕಳೆದೆ — ಅದೂ ತಪ್ಪು ಎಂದು ಕಳೆದ ಬುಧವಾರ ತಿಳಿಯಿತು.

ಎದುರಿಗೆ ಕೂತು ಹೇಳಬೇಕಾದ ಮಾತು. ಎರಡು ಭಾನುವಾರ ಫೋಟೋಗ್ರಫಿ ಕ್ಲಾಸು ಮುಗಿದ ಮೇಲೆ ಹೇಳಲು ಹೋಗಿ, ಟ್ರೈಪಾಡ್ ಮಡಚುವ ನೆಪ ಮಾಡಿಕೊಂಡು ಸುಮ್ಮನಾದೆ. ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ನಾಲ್ಕು. ಹುಬ್ಬಳ್ಳಿಯಲ್ಲಿ ಸ್ಟುಡಿಯೋ ತೆರೆದು ಮೂರು ತಿಂಗಳಾಗಿತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಗಟ್ಟಿಯಾಗಿ ಏನೂ ಬರುತ್ತಿರಲಿಲ್ಲ. ಬರುತ್ತದೆ ಎಂದು ಹೇಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಒಂದು ಮುಂಜಾನೆ ನಿಮ್ಮ ಕಾಕಾ ಬಂದರು. ಅತ್ತಿಗೆ ತೀರಿಕೊಂಡಿದ್ದಾರೆ, ಮದುವೆಯ ಆಲ್ಬಮ್ಮಿಗೆ ಗೆದ್ದಲು ಹತ್ತಿದೆ, ಮನೆಯಲ್ಲಿ ಅವರದೊಂದು ಫೋಟೋ ಇಲ್ಲ ಎಂದರು.

“ಕುಂಡ್ರಿಸಿದ ಫೋಟೋ ಮೊದಲ ತಗದೀರೇನ್ರಿ?” ಎಂದು ಕೇಳಿದರು.

“ಭಾಳ ತಗದೇನ್ರಿ,” ಎಂದೆ. ಒಂದನ್ನೂ ತೆಗೆದಿರಲಿಲ್ಲ.

ನಿಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ನಿಮ್ಮ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕೊರಳ ತುಂಬ ಮಾಲೆ ಹಾಕಿದ್ದರು. ತೀರಿಹೋದವರನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಕ್ಯಾಮೆರಾ ಎತ್ತಿದೆ, ಮುಖ ನೋಡಲಾಗಲಿಲ್ಲ — ಅಂಜಿಕೆ, ಬೇರೇನಲ್ಲ. ಕಣ್ಣು ತಾನಾಗಿ ಕೆಳಗಿಳಿದು ಮಾಲೆಯ ಮೇಲೆ ನಿಂತಿತು. ಅಲ್ಲಿಗೇ ಫೋಕಸ್ ಮಾಡಿ ನಾಲ್ಕು ಸಲ ಒತ್ತಿದೆ. ಪಕ್ಕದಲ್ಲಿ ಅಕ್ಕನ ಮೊಣಕಾಲು ಹಿಡಿದು ಕೂತಿದ್ದ ನೀಲವ್ವ ಒಮ್ಮೆ ತಲೆ ಎತ್ತಿ ನನ್ನ ಕಡೆ ನೋಡಿದರು. ಅದನ್ನೂ ಒಂದು ತೆಗೆದೆ. ಜೀವಂತ ಮುಖ ನೋಡಲು ನನಗೆ ಹೆದರಿಕೆ ಇರಲಿಲ್ಲ.

ತೆಗೆದದ್ದನ್ನು ಅಲ್ಲೇ ನೋಡುವ ಕ್ಯಾಮೆರಾ ಆಗ ನನ್ನಲ್ಲಿರಲಿಲ್ಲ. ರೋಲು ತೊಳೆಸಿದ ಮೇಲೆ ಕಂಡಿತು: ಮಾಲೆಯ ಒಂದೊಂದು ಎಸಳೂ ಸ್ಪಷ್ಟ, ಅದರ ಹಿಂದೆ ಮುಖ ಮಸುಕು. ನಾಲ್ಕೂ ಹಾಗೆಯೇ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಮೊದಲು ಲ್ಯಾಬಿನವನನ್ನು ಬೈದೆ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತೆ. ನಿಮ್ಮೂರಿಗೆ ಹೋಗಿ ‘ಹಾಳಾಗಿದೆ’ ಎಂದು ಹೇಳಬಹುದಿತ್ತು. ಬೈಯುತ್ತಿದ್ದರು, ಸ್ಟುಡಿಯೋದ ಹೆಸರು ಕೆಡುತ್ತಿತ್ತು, ಅಷ್ಟೇ ತಾನೆ — ಆದರೆ ಆಗ ಅದು ಅಷ್ಟೇ ಅನ್ನಿಸಲಿಲ್ಲ.

ಸತ್ತವರ ಫೋಟೋಕ್ಕೆ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ಕೊಡುವುದು ನಮ್ಮ ಕಸುಬಿನಲ್ಲಿ ರೂಢಿ. ನಿಮ್ಮ ಕಾಕಾ ಕೂಡ ಕೇಳಿದ್ದು ಅದನ್ನೇ. ಅಕ್ಕ ತಂಗಿಯರದು ಒಂದೇ ಮೂಗು, ಒಂದೇ ಗದ್ದ. ಲ್ಯಾಬಿನಲ್ಲಿ ಮಿಕ್ಸಿಂಗ್ ಮಾಡುವವನಿಗೆ ಇಬ್ಬರೂ ಅಪರಿಚಿತರು. ನೀಲವ್ವನ ಮುಖ ತೋರಿಸಿ, ಇದನ್ನು ಆ ಮೈಗೆ ಕೂರಿಸಿ ವಿಭೂತಿ ಹಚ್ಚು ಎಂದೆ. ಅವನು ಹೇಳಿದಷ್ಟು ಮಾಡಿದ.

ತಿಥಿಯ ದಿನ ಫ್ರೇಮು ಹಾಕಿಸಿ ತಂದುಕೊಟ್ಟೆ. ನಿಮ್ಮ ಅಪ್ಪ ಒಮ್ಮೆ ನೋಡಿ ಅತ್ತರು, ಎರಡನೇ ಸಲ ನೋಡಲಿಲ್ಲ. ಯಾರೋ ಮುದುಕಿ, “ಕಣ್ಣ ನೋಡ್ರಿ, ಜೀವಂತ ಕುಂತಂಗ ಐತಿ,” ಅಂದಳು. ಇನ್ನೊಬ್ಬರು ತಂಗಿಯ ಹೋಲಿಕೆ ಬಂದಿದೆ ಎಂದರು. ಒಡಹುಟ್ಟಿದವರಲ್ಲವೇ ಎಂದು ಮತ್ತೊಬ್ಬರು ಸಮಾಧಾನ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲವ್ವ ಬಹಳ ಹೊತ್ತು ನೋಡಿ ಒಳಗೆ ಹೋದರು. ಸಿಕ್ಕಿಬಿದ್ದೆ ಅಂದುಕೊಂಡೆ. ಅವರು ಹೊರಗೆ ಬರಲಿಲ್ಲ, ನಾನು ಚಹಾ ಕುಡಿದು ಹೊರಟೆ.

ಆ ಫೋಟೋದಿಂದ ನನ್ನ ಕಸುಬು ಕುದುರಿತು. ‘ಶಿರಗುಪ್ಪಿಯಲ್ಲಿ ಕಣ್ಣು ತೆರೆಸಿದವನು’ ಎಂದು ಕೇಳಿಕೊಂಡು ಜನ ಬರತೊಡಗಿದರು. ನಿಮಗೆ ಧೈರ್ಯ ಬಂದದ್ದು ಹೇಗೆ ಸರ್ ಎಂದು ಕ್ಲಾಸಿನಲ್ಲಿ ಕೇಳಿದಿರಿ. ತಪ್ಪುತ್ತ ತಪ್ಪುತ್ತ ಕಲಿತೆ ಎಂದೆ, ಎಲ್ಲರೂ ನಕ್ಕು ಬರೆದುಕೊಂಡಿರಿ. ನಿಜವೆಂದರೆ ಧೈರ್ಯ ಬಂದದ್ದು ಆ ಸುಳ್ಳಿನಿಂದ. ಕಲಿಕೆ ಬಂದದ್ದು ಅದರ ನಾಚಿಕೆಯಿಂದ. ವರ್ಷಗಟ್ಟಲೆ ಬೆಳಗ್ಗೆ ಎದ್ದು ಊರ ಕೆರೆಯ ದಂಡೆಗೆ ಹೋಗಿ, ಬಟ್ಟೆ ಒಗೆಯುವವರ, ದನ ತೊಳೆಯುವವರ ಮುಖಕ್ಕೆ ಫೋಕಸ್ ಮಾಡುವುದನ್ನು ಕಲಿತೆ. ಮೊದಲು ಬರಿಗಣ್ಣಿನಿಂದ ಮುಖ ನೋಡಿ, ಆಮೇಲೆ ಕ್ಯಾಮೆರಾ ಎತ್ತಿ ಎಂದು ನಿಮಗೆ ಬೇಸರವಾಗುವಷ್ಟು ಸಲ ಹೇಳುತ್ತೇನಲ್ಲ — ಅದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಇವತ್ತಿಗೂ ಸಾವಿನ ಮನೆಗೆ ಕರೆದರೆ ಹೋಗುತ್ತೇನೆ, ಇವತ್ತಿಗೂ ಅಂಜಿಕೆ ಹೋಗಿಲ್ಲ. ಕೆಲಸ ಮಾತ್ರ ಕೆಡಿಸುವುದಿಲ್ಲ.

ನಿಮಗೆ ಮುಖ್ಯವಾದ ಒಂದು ಫೋಟೋ ತನ್ನಿ ಎಂದು ಕ್ಲಾಸಿನವರಿಗೆಲ್ಲ ಹೇಳಿದ್ದು ನಾನೇ. ನೀವು ಮೊಬೈಲಿನಲ್ಲಿ ಅದನ್ನು ತೆರೆದು ತೋರಿಸಿದಿರಿ. “ಅವ್ವನ ಮಾರಿ ನನಗ ನೆನಪಿಲ್ರಿ ಸರ್. ಈ ಫೋಟೋನ ನನ್ನ ಅವ್ವ. ಇದನ್ನ ನೀವ ತಗದದ್ದಂತ ಕಾಕಾ ಹೇಳಿದ್ರು, ಅದಕ್ಕ ನಿಮ್ಮ ಹಂತ್ಯಾಕ ಕಲಿಯಾಕ ಬಂದೆ,” ಎಂದಿರಿ. ಉಳಿದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ನಾಚಿಕೆಗೇಡು ನನಗಿರಲಿ.

ಅವತ್ತು ಚಹಾ ಕುಡಿಯುವಾಗ ನೀಲವ್ವನ ಮಾತೂ ಬಂತು. ಅವ್ವ ಇದ್ದಾಗ ವಾರಕ್ಕೊಮ್ಮೆ ಬರುತ್ತಿದ್ದ ಚಿಗವ್ವ, ತಿಥಿಯ ಮರುದಿನ ಕೆಲಗೇರಿಯ ತಮ್ಮ ಮನೆಗೆ ಹೋದವರು ತಿರುಗಿ ನಿಮ್ಮ ಮನೆಗೆ ಬರಲೇ ಇಲ್ಲ ಎಂದಿರಿ. “ಅಕ್ಕ ಹ್ವಾದ ಮ್ಯಾಲೆ ಅಕ್ಕನ ಮಗಳು ಯಾಕ ಬೇಕ್ರಿ ಅಕಿಗೆ? ಕೆಲಗೇರಿ ಏನ ದೂರ ಐತ್ರಿ? ನನ್ನ ಮದವಿಗೂ ಬರಲಿಲ್ಲ.” ನಿಮ್ಮ ದನಿಯಲ್ಲಿ ಸಿಟ್ಟಿತ್ತು.

ಬುಧವಾರ ಕೆಲಗೇರಿಗೆ ಹೋಗಿ ಅವರ ಮನೆ ಹುಡುಕಿದೆ. ಬಾಗಿಲಲ್ಲೇ ಗುರುತು ಹಿಡಿದರು. ನಾನು ಎಲ್ಲ ಹೇಳುವವರೆಗೂ ಕೇಳಿಸಿಕೊಂಡರು, ಬೈಯಲಿಲ್ಲ.

“ನನಗ ಅವತ್ತ ಗೊತ್ತಾತ್ರಿ. ನನ್ನ ಮಾರಿ ನನಗ ಗೊತ್ತಾಗೂದಿಲ್ಲೇನು? ಆದ್ರ ಕೂಸು ಅದರ ಮುಂದ ನಿಂತು ಅವ್ವಾ ಅಂತ ಮಾತಾಡಾಕತ್ತಿತ್ತು. ಅದನ್ನ ಹ್ಯಾಂಗ ಕಸಗೊಳ್ಳಲಿ?”

“ಮತ್ತ ಹೋಗೂದ ಯಾಕ ಬಿಟ್ರಿ?” ಎಂದು ಕೇಳಿದೆ.

“ನಾ ಅದರ ಬಾಜೂಕ ನಿಂತ್ರ ಒಂದಲ್ಲ ಒಂದಿನ ಅಕಿಗೆ ಗೊತ್ತಾಗತಿತ್ತು. ಮತ್ತ, ಆ ಮನ್ಯಾಗ ನನಗ ಹಾರ ಹಾಕ್ಯಾರ್ರಿ. ದಿನಾ ಊದಿನಕಡ್ಡಿ ಹಚ್ಚತಾರ. ಹಾರ ಹಾಕಿಸಿಕೊಂಡವರು ತಿರುಗಿ ಆ ಹೊಸ್ತಿಲಾ ದಾಟತಾರೇನ್ರಿ?”

ಅಕ್ಷತಾ, ಅವ್ವ ಹೋದ ಬೆನ್ನಿಗೇ ಚಿಗವ್ವನನ್ನೂ ನಿಮ್ಮಿಂದ ದೂರ ಮಾಡಿದವನು ನಾನು. ವಯಸ್ಸು, ಅಂಜಿಕೆ, ಹೊಸ ಸ್ಟುಡಿಯೋ — ಯಾವುದನ್ನೂ ಅಡ್ಡ ಹಿಡಿಯುವುದಿಲ್ಲ. ಆ ನಾಲ್ಕು ನೆಗೆಟಿವ್ ಇನ್ನೂ ನನ್ನ ಹತ್ತಿರ ಇವೆ, ಪ್ರಿಂಟ್ ಹಾಕಿಸಿದ್ದೇನೆ. ಮಸುಕು ಮುಖವನ್ನು ತಿಳಿ ಮಾಡಿಕೊಡುವ ಆ್ಯಪುಗಳು ಈಗ ಬಂದಿವೆ. ಅವಕ್ಕೆ ಕೊಡಲಿಲ್ಲ, ಅವು ಇನ್ಯಾರದೋ ಮುಖ ಕೂರಿಸಿ ಕೊಡುತ್ತವೆ, ಆ ಕೆಲಸ ನಾನು ಒಮ್ಮೆ ಮಾಡಿದ್ದು ಸಾಕು. ಈ ಭಾನುವಾರ ಕ್ಲಾಸು ಇಲ್ಲ. ಶಿರಗುಪ್ಪಿಗೆ ಬಂದು ನಿಮ್ಮ ಅಪ್ಪನ ಎದುರು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಗೋಡೆಯ ಫೋಟೋ ಇಳಿಸುವುದು, ಬಿಡುವುದು ನಿಮಗೆ ಸೇರಿದ್ದು.

ನನ್ನನ್ನು ಕ್ಷಮಿಸುವ ವಿಚಾರ ಬದಿಗಿರಲಿ, ನೀವು ಮೊದಲು ಕೆಲಗೇರಿಗೆ ಹೋಗಿ ಬನ್ನಿ. ನಿಮ್ಮ ಮದುವೆಗೆ ನೀಲವ್ವ ಬಂದಿದ್ದರು. ಮಂಟಪದಲ್ಲಿ ಕುರ್ಚಿಯ ಮೇಲೆ ಅವ್ವನ ಫೋಟೋ ಇಟ್ಟದ್ದು ಗೇಟಿನಿಂದಲೇ ಕಂಡಿತಂತೆ. ಒಳಗೆ ಬರಲಿಲ್ಲ. ಮುಹೂರ್ತದ ವಾದ್ಯ ಕೇಳುವವರೆಗೆ ರಸ್ತೆಯಲ್ಲಿ ನಿಂತಿದ್ದು, ಅಲ್ಲಿಂದಲೇ ನಿಮ್ಮ ಕಡೆಗೆ ಅಕ್ಕಿಕಾಳು ಹಾಕಿ ಬಸ್ಸು ಹತ್ತಿದರಂತೆ.