ಚೌತಿಯ ದಿನ ಇಳಿದ ಬ್ಯಾಟರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಇಂಡಿ ಪಟ್ಟಣದ ಅರ್ಧ ಜನಕ್ಕೆ ಗೊತ್ತು. ಗೊತ್ತಿರಲೇಬೇಕು. ನಾನು ಹಲ್ಲಿನ ಡಾಕ್ಟರು. ಗುಟ್ಕಾ ತಿಂದು ಬಂದವರ ಬಾಯೊಳಗೆ ಕೈ ಹಾಕಿಕೊಂಡೇ ಬೈಯುತ್ತೇನೆ, ತಿರುಗಿ ಅನ್ನಲು ಅವರ ಬಾಯಿ ಖಾಲಿ ಇರುವುದಿಲ್ಲ. ಅಂಥ ನಾನು ಒಂದು ಕಾರಿನ ಬ್ಯಾಟರಿಯ ಹಿಂದೆ ಬಿದ್ದು ಸೋತು ಸುಣ್ಣವಾದೆ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆನೇನೋ.

ಕಾರು ಪರದೇಶದ್ದು. ಎರಡೇ ಬಾಗಿಲು, ಅರಿಸಿನದಂಥ ಹಳದಿ ಬಣ್ಣ, ಹೊಟ್ಟೆ ನೆಲಕ್ಕೆ ಹತ್ತುವಷ್ಟು ತಗ್ಗು. ಕಾಲೇಜಿನಲ್ಲಿ ನನಗಿಂತ ಮುಂದಿದ್ದ ಗೆಳತಿಯೊಬ್ಬಳು ಈಗ ಪುಣೆಯಲ್ಲಿದ್ದಾಳೆ. ಅವಳು ಓಡಿಸಿದ್ದನ್ನು ನಾನು ಕೊಂಡೆ. ನನ್ನ ದುಡಿಮೆ, ನನ್ನ ಹುಚ್ಚು. ನಮ್ಮ ಮನೆಯವರಿಗೆ ಲಿಂಬೆಹಣ್ಣಿನ ವ್ಯಾಪಾರ. ಅವರು ಬ್ಯಾಡ ಎನ್ನಲಿಲ್ಲ. ಕಾರು ಬಂದ ದಿನ ಇಡೀ ಮಾರ್ಕೆಟ್ಟಿಗೆ ಪೇಢೆ ಹಂಚಿ, "ನನ್ನ ಹೆಂಡ್ತಿ ಗಾಡಿ" ಎಂದು ಎದೆ ಉಬ್ಬಿಸಿಕೊಂಡು ತಿರುಗಿದರು. ನೋಡಲು ಬಂದ ರೈತನೊಬ್ಬ ಸುತ್ತ ಒಂದು ಸುತ್ತು ಹಾಕಿ, "ಅಕ್ಕಾರ, ಇದರಾಗ ಹಿಂಡಿ ಚೀಲ ಹಿಡಸ್ತಾವೇನ್ರಿ?" ಎಂದ. ನಾನೂ ನಕ್ಕೆ.

ಓಡಿಸುವುದೆಲ್ಲಿ? ನಮ್ಮ ಕಡೆ ಪ್ರತಿ ಹಳ್ಳಿಯ ಮುಂದೊಂದು ಹಂಪು, ಹಂಪಿನ ಮುಂದೊಂದು ತೆಗ್ಗು. ಆಲಮೇಲದ ದಾರಿ ಹಿಡಿದರೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಎತ್ತಿನ ಗಾಡಿಯ ಹಾಗೆ ಹೋಗಬೇಕು. ಮಳೆ ಬಿದ್ದರಂತೂ ಎರೆಮಣ್ಣು ಗಾಲಿ ಬಿಡುವುದಿಲ್ಲ. ಹೀಗಾಗಿ ರವಿವಾರ ಮುಂಜಾನೆ ಸಾಲೋಟಗಿಯ ತನಕ ಹೋಗಿ ಬರುವುದು, ಉಳಿದ ದಿನವೆಲ್ಲ ಮನೆಯ ಬಾಜೂ ತಗಡಿನ ಪತ್ರಾ ಶೆಡ್ಡಿನಲ್ಲಿ ಅದು ಬಟ್ಟೆ ಹೊದ್ದು ಮಲಗುವುದು.

ಮಲಗಿದರೆ ಚಿಂತೆ ಇರಲಿಲ್ಲ. ಏಳಲೇ ಒಲ್ಲದಾಯಿತು. ಗುಂಡಿ ಒತ್ತಿದರೆ ಟಕ್ ಟಕ್ ಎಂದು ಸದ್ದು, ಆಮೇಲೆ ಅದೂ ಇಲ್ಲ. ಲಿಂಬೆಹಣ್ಣು ಹೇರುವ ಪಿಕಪ್ ತಂದು ಕೇಬಲ್ ಹಚ್ಚಿ ಚಾಲೂ ಮಾಡಿದ್ದಾಯಿತು. ಮುಂದಿನ ವಾರ ಮತ್ತೆ ಅದೇ ಹಾಡು. ಸಿಂದಗಿಯಿಂದ ಹೊಸ ಬ್ಯಾಟರಿ ತರಿಸಿ ಹಾಕಿಸಿದೆ. ಅದೂ ಇಳಿಯಿತು. ಡಿಕ್ಕಿಯ ದೀಪ ಉರಿಯುತ್ತಿದೆಯೇ ಎಂದು ನೋಡಲು ಅದರೊಳಗೇ ಮಲಗಿ ಬಾಗಿಲು ಮುಚ್ಚಿಸಿಕೊಂಡೆ. ಅತ್ತೆ ಅದನ್ನು ನೋಡಿ, "ಇಕಿ ತಲಿ ಕೆಟ್ಟು ಮೊಸರ ಗಡಿಗಿ ಆಗೇತಿ" ಎಂದು ದೇವರಿಗೆ ಊದಿನಕಡ್ಡಿ ಹಚ್ಚಿದರು.

ಕೊನೆಗೆ ಪುಣೆಯ ಗೆಳತಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ನಂಬಿಸಿ ಕುತ್ತಿಗೆ ಕೊಯ್ದಿ, ಡಬ್ಬಾ ಗಾಡಿ ತಂದು ನನ್ನ ಕೊರಳಿಗೆ ಕಟ್ಟಿದಿ ಎಂದೆ. ಅವಳು ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ಕೀಲಿಕೈ ಎಲ್ಲಿ ಇಡ್ತಿ?"

"ಎಲ್ಲಿ ಇಡ್ತಾರ? ದ್ಯಾವರ ಜಗಲಿ ಮ್ಯಾಲ."

"ಜಗಲಿ ಎಲ್ಲೈತಿ?"

ಜಗಲಿ ಇದ್ದದ್ದು ಶೆಡ್ಡಿಗೆ ಹತ್ತಿದ ಗೋಡೆಗೆ. ಮನೆಯ ಗಾಡಿಯ ಕೀಲಿ ದೇವರ ಮುಂದೆಯೇ ಇರಬೇಕೆಂಬುದು ನಮ್ಮ ಮನೆಯ ರೂಢಿ. ಪಿಕಪ್ಪಿನದು, ಟ್ರ್ಯಾಕ್ಟರಿನದು ಎಲ್ಲ ಅಲ್ಲೇ, ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ. ಈ ಕಾರಿನ ಕೀಲಿ ಮಾತ್ರ ಬೇರೆ ಜಾತಿಯದು. ಅದು ಹತ್ತಿರ ಇದ್ದಷ್ಟು ಹೊತ್ತೂ ಒಡತಿ ಬಂದಳೆಂದು ಕಾರು ಎಚ್ಚರವಾಗಿಯೇ ಇರುತ್ತದಂತೆ. ಗೋಡೆಯ ಆಚೆ ಕೀಲಿ, ಈಚೆ ಕಾರು. ಹಗಲೂ ರಾತ್ರಿ ಕಾದು ಕಾದು ಬ್ಯಾಟರಿ ಇಳಿಯುತ್ತಿತ್ತು. ಗೆಳತಿ ಬಿದ್ದು ಬಿದ್ದು ನಕ್ಕಳು.

ಅಂದೇ ಕೀಲಿಯನ್ನು ಒಂದು ಸ್ಟೀಲಿನ ಡಬ್ಬಿಗೆ ಹಾಕಿ ಮನೆಯ ಆ ತುದಿಯ ಅಡುಗೆಮನೆಯಲ್ಲಿಟ್ಟೆ. ಇನ್ನೊಂದು ಕೀಲಿ ಮೊದಲಿನಿಂದಲೂ ಮಹಡಿಯ ಮೇಲಿನ ತಿಜೋರಿಯಲ್ಲಿತ್ತು, ಅದರ ಕಾಟವಿರಲಿಲ್ಲ. ಅತ್ತೆ ಗೊಣಗಿದರು. ಕಾರು ಮಾತ್ರ ಬೇಸಿಗೆಯುದ್ದಕ್ಕೂ ಒತ್ತಿದ ಕೂಡಲೇ ಗುರ್ ಎಂದಿತು. ನನ್ನ ಸಂಭ್ರಮ ಏನು ಹೇಳಲಿ! ಊಟಕ್ಕೆ ಕೂತಾಗ ಇವರಿಗೆ ತಾಟು, ಲೋಟ ಸರಿಸಿ ಸರಿಸಿ ಎಲ್ಲ ಬಿಡಿಸಿ ಹೇಳಿದೆ: ಇದು ಜಗಲಿ, ಇದು ಗೋಡೆ, ಇದು ಕಾರು. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. "ಅಂದ್ರ ಕೀಲಿ ಅಲ್ಲಿಟ್ರ ಗಾಡಿ ಸತ್ತ ಹೋಕ್ಕೈತಿ ಅನ್ನು," ಎಂದರು.

"ಹೌದ್ರಿ," ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆ!

ಇನ್ನು ನಾಗರಪಂಚಮಿಯ ಮಾತು. ನನ್ನ ತವರು ಮುದ್ದೇಬಿಹಾಳ. ಅಪ್ಪ ತೀರಿಕೊಂಡಿದ್ದಾನೆ, ಅವ್ವ ಸಾಲಿ ಮಾಸ್ತರಿಕೆ ಮುಗಿಸಿ ಕಾಕಾನ ಮನೆಯ ಪಕ್ಕದಲ್ಲೇ ಗಟ್ಟಿಮುಟ್ಟಾಗಿದ್ದಾಳೆ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ನನಗೆ ಪ್ರತಿ ವರ್ಷ ಕಾಕಾನ ಮಗ ಬರುತ್ತಿದ್ದ. ಬರುತ್ತಿದ್ದ ಎಂದರೆ ಅವ್ವ ಹತ್ತು ಸಲ ನೆನಪು ಮಾಡಿದ ಮೇಲೆ, ತನ್ನ ಹೆಂಡತಿಯನ್ನು ಅವಳ ತವರಿಗೆ ಬಿಟ್ಟ ಮೇಲೆ, ಹೊತ್ತು ಉಳಿದರೆ. ನಾನು ಚೀಲ ಕಟ್ಟಿಕೊಂಡು ದವಾಖಾನೆಯ ಕಟ್ಟೆಯ ಮೇಲೆ ರಸ್ತೆ ನೋಡುತ್ತ ಕೂರುವುದು, ಬಂದ ಪೇಷಂಟುಗಳು "ಇನ್ನೂ ಬಂದಿಲ್ಲೇನ್ರಿ ತಮ್ಮ?" ಎಂದು ಕೇಳುವುದು. ಮೈ ಉರಿಯುತ್ತಿತ್ತು.

ಈ ಸಲ ಅವ್ವನಿಗೆ ಫೋನಿನಲ್ಲಿ ಹೇಳಿಬಿಟ್ಟೆ: "ಅವ್ವಾ, ಅವನ್ನ ಬೇಡ್ಕೋಬ್ಯಾಡ. ಈ ವರ್ಷ ನನ್ನ ಗಾಡಿ ತಗೊಂಡು ನಾನ ಬರ್ತೇನಿ." ಅವ್ವ ನಕ್ಕು, "ಬಾ ನನ್ನವ್ವಾ, ಬಾ," ಎಂದಳು. ಗಂಡುಮಗ ಇಲ್ಲದ ಕೊರಗು ಅವಳ ಮುಖದಲ್ಲಿ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸಿಂದಗಿ, ತಾಳಿಕೋಟೆ ದಾಟಿ, ನಾನೇ ಓಡಿಸಿಕೊಂಡು ಹೋಗಿ, ಆ ಬಾಗಿಲಲ್ಲಿ ಕಾರು ನಿಲ್ಲಿಸಿ ಇಳಿದರೆ ಆ ಕೊರಗು ಅಲ್ಲೇ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ನನಗೆ ಬೇಕಿದ್ದದ್ದು ಅದೊಂದೇ. ಆ ಕಾರನ್ನು ಕೊಂಡದ್ದು ಕೂಡ ಅದಕ್ಕಾಗಿಯೇ ಏನೋ ಎನ್ನಿಸುವಷ್ಟು ಆಸೆಯಾಗಿತ್ತು.

ಪಂಚಮಿಯ ಹಿಂದಿನ ದಿನ, ನಾಗರಚೌತಿಯ ಮುಂಜಾನೆ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಶೆಡ್ಡಿಗೆ ಹೋದೆ. ಹಿಂದಿನ ಒಂದೆರಡು ವಾರ ಚಾಲೂ ಮಾಡುವಾಗ ಸೆಲ್ಫ್ ಸ್ವಲ್ಪ ಮಂದ ಹೊಡೆದಿತ್ತು, ಮಳೆಯ ಥಂಡಿಗೆ ಇರಬೇಕೆಂದು ಬಿಟ್ಟಿದ್ದೆ. ಕಳೆದ ರವಿವಾರ ಮಳೆ ಬಿಡದ್ದರಿಂದ ಹೊರಗೆ ತೆಗೆದಿರಲಿಲ್ಲ. ಗುಂಡಿ ಒತ್ತಿದೆ. ಟಕ್ ಎನ್ನಲೂ ಇಲ್ಲ. ಹೆಣ.

"ಎಲಾ ಇದರ!" ಎಂದು ಬಾನೆಟ್ ಗುದ್ದಿದೆ. ಇವರು ಓಡಿ ಬಂದರು. ಪಿಕಪ್ ಬಾಡಿಗೆಗೆ ಹೋಗಿತ್ತು, ಅದರೊಳಗೇ ಕೇಬಲ್ಲೂ. ಉಳಿದದ್ದು ನಾನು ತಂದಿಟ್ಟಿದ್ದ ಚಾರ್ಜರ್. ಅದನ್ನು ಹಚ್ಚುವಾಗ ಇವರೇ ವೈರು ಹಿಡಿದರು, ನನ್ನ ಹಣೆಯ ಬೆವರನ್ನು ತಮ್ಮ ಟವೆಲ್ಲಿನಿಂದ ಒರೆಸಿದರು. "ಪಾಪ, ಎಷ್ಟ ಆಸೆಲೆ ತಯಾರಾಗಿದ್ದಿ," ಎಂದರು. "ಇರ್ಲಿ ಬಿಡು, ನಿಮ್ಮ ಕಾಕಾನ ಮಗಾ ಬರ್ತಾನ."

"ಚಾರ್ಜ್ ಆಗ್ಲಿ, ಮಧ್ಯಾಹ್ನ ಹೊಕ್ಕೇನಿ," ಎಂದೆ.

ಕಾಯುವಷ್ಟರಲ್ಲಿ ನಾಗಪ್ಪನಿಗೆ ಹಾಲೆರೆದು ಬರೋಣವೆಂದು ಜಗಲಿಯ ಮುಂದೆ ಕೂತೆ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು ಎನ್ನುತ್ತ ಮಣ್ಣಿನ ನಾಗಪ್ಪನ ಮೇಲೆ ಹಾಲು ಬಿಟ್ಟೆ. ಕೈಯಲ್ಲಿನ ಸಿಟ್ಟಿಗೆ ಹಾಲು ಚೆಲ್ಲಿ ಬಸವಣ್ಣನ ಫೋಟೋದ ತನಕ ಹರಿಯಿತು. ಒರೆಸಲು ಫೋಟೋ ಎತ್ತಿದರೆ ಹಿಂದೆ ಕಾರಿನ ಕೀಲಿ. ತಿಜೋರಿಯಲ್ಲಿದ್ದ ಎರಡನೆಯದು.

"ಅತ್ತಿ, ಇದನ್ನ ಯಾಕ ಇಟ್ರಿ?" ಎಂದು ಕೂಗಿದೆ.

"ನಾ ಇಟ್ಟಿಲ್ಲವಾ. ನಿನ್ನ ಗಂಡನ ಇಟ್ಟಾನ, ಮಣ್ಣೆತ್ತಿನ ಅಮಾಸಿ ಮುಗದ ಮ್ಯಾಲ. ದೇವರ ಹಂತೇಕ ಇರ್ಲಿ, ಆಕಿಗಿ ಹೇಳಬ್ಯಾಡ, ಸುಮ್ಮನ ಸಿಟ್ಟಿಗೇಳತಾಳ ಅಂದ," ಎಂದರು ಅತ್ತೆ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆ ಕೀಲಿ ಅಲ್ಲಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದವರು ಶೆಡ್ಡಿನಲ್ಲಿದ್ದರು. ತಿಳಿಸಿದವಳು ನಾನೇ.

ಶೆಡ್ಡಿಗೆ ಹೋಗಿ ಕೀಲಿಯನ್ನು ಮುಖದ ಮುಂದೆ ಹಿಡಿದೆ. ಇವರು ಅದನ್ನು ನೋಡಿದರು, ನೆಲ ನೋಡಿದರು.

"ಬ್ಯಾಡ ಅಂದಿದ್ರ ಜಗಳಾ ಆಡ್ತಿದ್ದೆ," ಎಂದೆ. "ಜಗಳಾ ಆಡಿ ಹೋಗ್ತಿದ್ದೆ, ಇಲ್ಲಾ ಬಿಡ್ತಿದ್ದೆ. ವೈರ್ ಹಿಡಕೊಂಡು ನಿಂತೀರಲ್ರಿ ನೀವು! ಬೆವರ ಒರಸಿದ್ರಿ! ಪಾಪ ಅಂದ್ರಿ!"

"ನಾ ನನ್ನ ಮನಸಿಂದ ಮಾಡಿಲ್ಲ."

"ಮತ್ತ ಯಾರ ಮನಸಿಂದ ಮಾಡೀರಿ?"

"ನಿಮ್ಮ ಅವ್ವ ಹೇಳ್ಯಾರ," ಎಂದರು ಇವರು. "ಹೆಂಗರ ಮಾಡಿ ತಡೀರಿ, ಬಾಯಿಲೆ ಹೇಳಿದ್ರ ಆಕಿ ಕೇಳಂಗಿಲ್ಲ ಅಂದ್ರು. ಸುಳ್ಳಾದ್ರ ಫೋನ್ ಹಚ್ಚಿ ಕೇಳು."

ಸುಳ್ಳೇ ಇರಬೇಕೆಂದು ಫೋನು ಹಚ್ಚಿದೆ. ಅವ್ವ ಎತ್ತಿದವಳೇ, "ಯಾಕವಾ, ಗಾಡಿ ಕೈ ಕೊಡ್ತೇನು?" ಎಂದಳು. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಕಾರು ಕೆಟ್ಟಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

"ಅವ್ವಾ, ನೀ ಹೇಳಿದ್ಯಾ ಇವರಿಗೆ?"

ಅವ್ವ ಹೇಳಿದಳು: "ಸಿಟ್ಟಾಗಬ್ಯಾಡ ನನ್ನವ್ವಾ. ಇಷ್ಟ ವರ್ಷ ಈ ಓಣ್ಯಾಗ ನಾ ತಲಿ ಎತ್ತಿ ಅಡ್ಡಾಡಿದ್ದ ಯಾಕ? ಪಂಚಮಿಗಿ ಮಗಳನ್ನ ಕರ್ಯಾಕ ನಮ್ಮ ಮನಿಯಿಂದ ಒಬ್ಬ ಗಂಡಸ ಹೊಕ್ಕಾನಂತ. ಅವನ ಕೈಕಾಲ ಹಿಡದ ಕಳಸೇನಿ, ಅದ ಯಾರಿಗೂ ಗೊತ್ತಿಲ್ಲ. ನೀ ಒಬ್ಬಾಕಿನ ಆ ಗಾಡಿ ತಗೊಂಡ ಬಂದು ಬಾಗಲಾಗ ನಿಂತ್ರ ಏನಂದಾರು? ಕರ್ಯಾಕ ಯಾರೂ ಇಲ್ಲದ ಮನಿ ಅಂತಾರ."

"ನಾ ಇದ್ದೇನಲ್ಲವಾ."

"ನೀ ಇದ್ದಿ," ಎಂದಳು ಅವ್ವ. "ನೀ ಇರೂದು ಎಣಿಕ್ಯಾಗ ಬರೂದಿಲ್ಲಲ್ಲವಾ."

ಹಾಗೆಂದವಳು ಅಳತೊಡಗಿದಳು. ನಾನು ಅಳಬೇಕಿತ್ತು; ಅವಳೇ ಅತ್ತಳು. ಗಂಡನ ಮೇಲಿನ ಸಿಟ್ಟನ್ನು ಕೂಗಿ ಕಳೆಯಬಹುದಿತ್ತು. ಅವ್ವನ ಮೇಲೆ ಕೂಗಲಾಗದೆ ಫೋನು ಇಟ್ಟೆ. ಯಾರಿಗಾಗಿ ಮಗನಾಗಿ ನಿಲ್ಲಲು ಹೊರಟಿದ್ದೆನೋ ಅವಳೇ ನನ್ನ ಕಾಲು ಹಿಡಿದು ಎಳೆದಿದ್ದಳು. "ಬಾ" ಎಂದು ನಕ್ಕ ಬಾಯಿಯಿಂದಲೇ ಅಳಿಯನಿಗೆ "ತಡೀರಿ" ಎಂದಿದ್ದಳು.

ಕಾಕಾನ ಮಗ ನಸುಕಿನಲ್ಲೇ ಜೀಪು ತೆಗೆದಿದ್ದನಂತೆ. ಎಂದೂ ಹೊತ್ತಿಗೆ ಬಾರದವನು ಅಂದು ಮಧ್ಯಾಹ್ನದ ಊಟಕ್ಕೆ ಮೊದಲೇ ಬಂದು ಹಾರ್ನ್ ಹೊಡೆದ. ಅವನು ಅತ್ತೆ ಕೊಟ್ಟ ಶೇಂಗಾ ಉಂಡಿ ತಿನ್ನುತ್ತಿರುವಾಗ ನಾನು ಶೆಡ್ಡಿಗೆ ಹೋದೆ. ಚಾರ್ಜರಿನ ಹಸಿರು ದೀಪ ಹತ್ತಿತ್ತು. ಕೂತು ಗುಂಡಿ ಒತ್ತಿದರೆ ಒಂದೇ ಏಟಿಗೆ ಚಾಲೂ ಆಯಿತು. ಪತ್ರಾ ನಡುಗುವ ಹಾಗೆ ಗುರ್ ಎಂದಿತು. ಇವರು ಬಾಗಿಲಿಗೆ ಬಂದು ನಿಂತರು. ನನಗೆ ಫೋನಿನೊಳಗಿನ ಅಳುವೇ ಕೇಳುತ್ತಿತ್ತು. ಬಂದ್ ಮಾಡಿ, ಚೀಲ ತೆಗೆದುಕೊಂಡು ಜೀಪು ಹತ್ತಿದೆ. ಸಿಂದಗಿ ಬಂತು, ತಾಳಿಕೋಟೆ ಬಂತು.

ಮುದ್ದೇಬಿಹಾಳದ ಓಣಿಯಲ್ಲಿ ಹೆಂಗಸರೆಲ್ಲ ಕಟ್ಟೆಗಳ ಮೇಲಿದ್ದರು. ಅವ್ವ ರೊಟ್ಟಿ ತುಣುಕು, ನೀರು ನಿವಾಳಿಸಿ ಚೆಲ್ಲಿ, ಓಣಿಗೆಲ್ಲ ಕೇಳುವ ಹಾಗೆ, "ನಮ್ಮ ಹುಡುಗ ಮುಂಜಾಲೇನ ಹೋಗಿ ಕರಕೊಂಡ ಬಂದ ನೋಡ್ರಿ," ಎಂದಳು. ಎದುರುಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಅದೇನೋ ಭಾರಿ ಗಾಡಿ ತಗೊಂಡೀಯಂತಲ್ಲ ತಂಗಿ? ತರಲಿಲ್ಲೇನ?"

ಅವ್ವ ನನ್ನ ಕಡೆ ತಿರುಗಿದಳು. ಓಣಿಯಲ್ಲಿ ಅವಳ ತಲೆ ಎತ್ತುವುದೂ ತಗ್ಗುವುದೂ ಆಗ ನನ್ನ ಬಾಯಿಯಲ್ಲಿತ್ತು. ಅವಳ ಕಣ್ಣುಗಳು ಬೇಡುತ್ತಿದ್ದವು.

"ಇಲ್ರಿ," ಎಂದೆ. "ಬ್ಯಾಟರಿ ಕೆಟ್ಟೈತ್ರಿ ಅದರದು. ತಮ್ಮ ಬಂದಾನಂತ ಬರೂದಾತ್ರಿ, ಇಲ್ಲಾಂದ್ರ ನಾ ಹೆಂಗ ಬರ್ತಿದ್ದೆ?"

ಅವ್ವನ ಮುಖ ಅರಳಿತು. ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.